ಎರಡು ಪಕ್ಷದ ರುಜು

ಸೆಪ್ಟೆಂಬರ್ 8, ಮಂಗಳವಾರ

ದಿನಾ ನಾಲ್ಕು ಸಾಲು ಬರೆಯಿರಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಸಾಲು ಸೊಟ್ಟಗಾಗತೊಡಗಿದರೆ ಕಣ್ಣು ಇನ್ನಷ್ಟು ಹೋಗಿದೆ ಎಂದು ಅರ್ಥವಂತೆ. ಅವರಿಗೆ ತೋರಿಸಲು ಮಳೆ ಬಿಸಿಲಿನ ವಿಷಯ ಬೇರೆ ಹಾಳೆಯಲ್ಲಿ ಬರೆಯುತ್ತೇನೆ. ಇದು ನನಗೆ.

ಮೂವತ್ತೊಂದು ವರ್ಷ ಈ ಕೌಂಟಿಯ ಕೊಟ್ಟಿಗೆ ಕೊಟ್ಟಿಗೆಗೆ ಹೋಗಿ ಟ್ಯಾಂಕರಿಗೆ ಹಾಲು ತುಂಬಿಸಿಕೊಂಡು ಬಂದವನು ನಾನು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯ ಯಜಮಾನ ಕಚ್ಚುತ್ತಾನೆ ಎಂದು ಈಗಲೂ ಹೇಳಬಲ್ಲೆ. ಅಂಥವನ ಲೈಸೆನ್ಸಿನ ಮೇಲೆ ಹಗಲು ಹೊತ್ತು, ಇಪ್ಪತ್ತು ಮೈಲಿಯೊಳಗೆ ಮಾತ್ರ ಎಂದು ಬರೆದುಕೊಟ್ಟಿದ್ದಾರೆ. ಪರವಾಗಿಲ್ಲ. ನಾನು ಹೋಗಬೇಕಾದದ್ದು ಆರು ಮೈಲಿ.

ಸಿಗ್ನೆ ಅಕ್ಕ ಕೌಂಟಿಯವರು ಮುದುಕರಿಗೆಂದು ನಡೆಸುವ ಹೋಮಿನಲ್ಲಿದ್ದಾಳೆ. ಎಂಬತ್ತನಾಲ್ಕು ವರ್ಷ. ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿದೆ, ಮಾತು ಅರ್ಧ ಉಳಿದಿದೆ. ನನ್ನನ್ನು ಬೈಯಲು ಆ ಅರ್ಧವೇ ಸಾಕು ಅವಳಿಗೆ. ಅಮ್ಮ ಹೋದಾಗ ನನಗೆ ಆರು ವರ್ಷ, ಸಾಕಿದವಳು ಅವಳೇ. ಈಗ ಮಧ್ಯಾಹ್ನ ಹನ್ನೆರಡಕ್ಕೆ ನಾನು ಹೋಗಿ ತಿನ್ನಿಸಬೇಕು. ಬೇರೆಯವರ ಕೈಯಲ್ಲಿ ಎರಡು ತುತ್ತು ತಿಂದು ಬಾಯಿ ಮುಚ್ಚಿಬಿಡುತ್ತಾಳೆ.

ಇವತ್ತು ಚುನಾವಣೆ ನಡೆಸುವ ಕೌಂಟಿ ಕ್ಲರ್ಕ್ ಕಚೇರಿಯಿಂದ ಕಾಗದ ಬಂತು. ನವೆಂಬರ್ ಮೂರರ ಮಧ್ಯಂತರ ಚುನಾವಣೆಯ ಮತಪತ್ರದಲ್ಲಿ ಸೆನೆಟ್ಟು, ಕಾಂಗ್ರೆಸ್ಸು, ಷರೀಫು ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಒಂದು ಪ್ರಶ್ನೆ ಇರುತ್ತದೆ. ಹೋಮನ್ನು ಉಳಿಸಿಕೊಳ್ಳಲು ಮನೆ ಜಮೀನುಗಳ ತೆರಿಗೆ ಏರಿಸಬಹುದೇ? ಹೌದು, ಅಥವಾ ಇಲ್ಲ. ಬಡವರ ಚಿಕಿತ್ಸೆಗೆಂದು ವಾಷಿಂಗ್ಟನ್ನಿನಿಂದ ಬರುತ್ತಿದ್ದ ಹಣ ಇಳಿದಿದೆ. ‘ಇಲ್ಲ’ ಗೆದ್ದರೆ ಹೋಮಿಗೆ ಬೀಗ. ಅಲ್ಲಿರುವ ನಲವತ್ತು ಜನ ನೂರ ಹತ್ತು ಮೈಲಿ ದೂರದ ಪಟ್ಟಣಕ್ಕೆ.

ನೂರ ಹತ್ತು ಮೈಲಿ ನಾನು ಹೋಗಲಾರೆ. ಅಕ್ಕ ಅಲ್ಲಿ ಎರಡು ತುತ್ತಿನ ಮೇಲೆ ಎಷ್ಟು ದಿನ ಇದ್ದಾಳು?

ಸೆಪ್ಟೆಂಬರ್ 13, ಭಾನುವಾರ

ಬರ್ನೀಸ್ ಕುಬಿಯಾಕ್ ಫೋನ್ ಮಾಡಿದ್ದಳು. ಈ ಸಲವೂ ಹೋಮಿಗೆ ನಾವಿಬ್ಬರೇ ಹೋಗಬೇಕಂತೆ.

ಮತಗಟ್ಟೆಗೆ ಬರಲಾರದ ಹೋಮಿನವರ ಬಳಿಗೆ ನಮ್ಮಲ್ಲಿ ಮತಪತ್ರವೇ ಹೋಗುತ್ತದೆ. ಒಯ್ಯುವವರು ಇಬ್ಬರು, ಒಬ್ಬರು ರಿಪಬ್ಲಿಕನ್, ಒಬ್ಬರು ಡೆಮಾಕ್ರಟ್. ಓದಲಾರದವರಿಗೆ ಓದಿ ಹೇಳಬೇಕು, ಕೈ ನಡುಗುವವರ ಕೈ ಹಿಡಿದು ಗುರುತು ಹಾಕಿಸಬೇಕು. ಲಕೋಟೆ ಅಂಟಿಸಿದ ಮೇಲೆ ಅದರ ಬೆನ್ನಿಗೆ ಇಬ್ಬರೂ ರುಜು ಹಾಕಬೇಕು. ಒಂದೇ ರುಜು ಇದ್ದರೆ ಆ ಓಟು ಓಟಲ್ಲ. ಕಳ್ಳನಿಗೆ ಕಳ್ಳನನ್ನೇ ಕಾವಲಿಟ್ಟ ಹಾಗೆ ಎನ್ನುತ್ತಾಳೆ ಬರ್ನೀಸ್. ನಾನು ರಿಪಬ್ಲಿಕನ್ ಕಳ್ಳ, ಅವಳು ಡೆಮಾಕ್ರಟ್ ಕಳ್ಳಿ, ಹದಿನೆಂಟು ವರ್ಷದಿಂದ.

ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು ಅವಳು. ಗಂಡ ತೀರಿಕೊಂಡು ಐದು ವರ್ಷ. ಓಟು ಹಾಕಿಸುವುದು ಮುಗಿದ ಮೇಲೆ ಹೋಮಿನ ಊಟದ ಹಾಲ್‌ನಲ್ಲಿ ಒಂದು ಮೇಜಿಗೆ ಕೂತು ಕಾಫಿ ತರಿಸುತ್ತೇವೆ. ಅವಳು ತಂದ ಸೇಬಿನ ಪೈ ನಡುವೆ ಇರುತ್ತದೆ. ಅವಳು ರುಜು ಹಾಕಿ ಲಕೋಟೆ ಇತ್ತ ತಳ್ಳುತ್ತಾಳೆ, ನಾನು ರುಜು ಹಾಕಿ ಅತ್ತ ಇಡುತ್ತೇನೆ. ಆ ಹೊತ್ತಿಗೆ ಊರಿನ ಸುದ್ದಿಯೆಲ್ಲ ಮುಗಿದಿರುತ್ತದೆ.

ಫೋನಿನಲ್ಲಿ ಬರ್ನೀಸ್, “ನಿಮ್ಮೋರು ವಾಷಿಂಗ್ಟನ್ನಲ್ಲಿ ಕತ್ತರಿ ಹಾಕಿದ್ದಕ್ಕೆ ಇಲ್ಲಿ ನಾನು ತೆರಿಗೆ ಕಟ್ಬೇಕಲ್ಲ ಕಣಯ್ಯ” ಎಂದಳು.

“ನಿಮ್ಮೋರು ಹದಿನೈದು ವರ್ಷ ಕೌಂಟಿ ಬೋರ್ಡಲ್ಲಿ ಕೂತು ಹೋಮಿನ ಸೂರು ಸೋರೋದನ್ನ ನೋಡ್ತಿದ್ರಲ್ಲ ತಾಯಿ, ಒಂದು ಬಕೆಟ್ ಇಡೋಕೂ ಕೈ ಬರಲಿಲ್ವಾ?” ಎಂದೆ.

ಇಬ್ಬರೂ ನಕ್ಕೆವು. ಇಬ್ಬರೂ ‘ಹೌದು’ಗೆ ಹಾಕುವವರೇ.

ಸೆಪ್ಟೆಂಬರ್ 22, ಮಂಗಳವಾರ

ಅಕ್ಕನಿಗೆ ತಿನ್ನಿಸುವುದಕ್ಕೆ ಒಂದು ಉಪಾಯವಿದೆ. ಕಥೆ ಹೇಳಬೇಕು. ಕಥೆ ನಡೆದಷ್ಟು ಹೊತ್ತು ಅವಳ ಬಾಯಿ ತೆರೆಯುತ್ತದೆ, ಕಥೆ ನಿಂತರೆ ಅದೂ ನಿಲ್ಲುತ್ತದೆ. ಇವತ್ತು ಒಂದೇ ಹುಂಜವನ್ನು ಪಾದ್ರಿಗೆ ಮೂರು ಸಲ ಮಾರಿದ ರೈತನದ್ದು ಹೇಳಿದೆ. ಮೊದಲ ಸಲ ಬಿಳಿ ಹುಂಜ. ಎರಡನೇ ಸಲ ಬೀಟ್‌ರೂಟ್ ರಸ ಬಳಿದು ಕೆಂಪು ಹುಂಜ. ಮೂರನೇ ಸಲ ಮಸಿ ಬಳಿದು ಕರಿ ಹುಂಜ. ಪಾದ್ರಿ ಅದನ್ನು ಎತ್ತಿಕೊಂಡು, ಎಲ್ಲಾ ಹುಂಜಕ್ಕೂ ಒಂದೇ ಕಾಲು ಕುಂಟಲ್ಲಪ್ಪಾ ಎಂದು ಕೇಳುವ ಹೊತ್ತಿಗೆ ತಟ್ಟೆ ಖಾಲಿ. ಅಕ್ಕ ಎಡಗೈಯಿಂದ ನನ್ನ ತಲೆಗೆ ಮೊಟಕಿ, “ಸುಳ್ಳ” ಎಂದಳು.

ಮನೆಗೆ ಬರುವಷ್ಟರಲ್ಲಿ ಗೋರ್ಡಿ ಬೆಕ್‌ವಿತ್ ಬಂದು ಕಾದಿದ್ದ. ನಮ್ಮ ಪಕ್ಷದ ಕೌಂಟಿ ಅಧ್ಯಕ್ಷ. ಕಾಂಗ್ರೆಸ್ಸಿಗೆ ನಿಂತವನ ಫಲಕವನ್ನು ಅಂಗಳದಲ್ಲಿ ನೆಟ್ಟ. ಇನ್ನೊಂದು ಫಲಕವೂ ತಂದಿದ್ದ, ‘ತೆರಿಗೆ ಬೇಡ, ಇಲ್ಲ ಎನ್ನಿ’. ಅದು ಬೇಡ ಗೋರ್ಡಿ, ಅಕ್ಕ ಅಲ್ಲಿದ್ದಾಳೆ ಎಂದೆ. ಒತ್ತಾಯ ಮಾಡಲಿಲ್ಲ. ಒಳ್ಳೆಯವನು.

ಅಕ್ಟೋಬರ್ 1, ಗುರುವಾರ

ವಾರಪತ್ರಿಕೆ ಬಂತು. ಓದುಗರ ಓಲೆಯಲ್ಲಿ ಬರ್ನೀಸಳ ಕಾಗದ. ಭೂತಗನ್ನಡಿ ಹಿಡಿದು ಮೂರು ಸಲ ಓದಿದೆ.

‘ತಮ್ಮವರಿಗೆ ಮಧ್ಯಾಹ್ನದ ಊಟ ತಿನ್ನಿಸಲು ಹೋಮಿಗೆ ಬರುವವರೇ, ಹೋಮಿಗೆ ಬೀಗ ಜಡಿಯುವವರಿಗೆ ನಲವತ್ತು ವರ್ಷದಿಂದ ಓಟು ಹಾಕುತ್ತ ಬಂದಿದ್ದಾರೆ. ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ಬೀಗ.’

ಹೆಸರು ಹಾಕಿಲ್ಲ. ಹಾಕುವ ಅಗತ್ಯವೇನಿದೆ? ಮಧ್ಯಾಹ್ನ ತಿನ್ನಿಸಲು ಬರುವವನು ನಾನೊಬ್ಬನೇ.

ಕಾಫಿ ಅಂಗಡಿಗೆ ಹೋದೆ. ನಾನು ಬಾಗಿಲು ತೆರೆದಾಗ ಮಾತು ನಿಂತಿತು, ಕೂತ ಮೇಲೆ ಮತ್ತೆ ಶುರುವಾಯಿತು. ಯಾರೋ ಹವೆಯ ಬಗ್ಗೆ ಕೇಳಿದರು.

ಅವಳು ಸಂಜೆ ಫೋನ್ ಮಾಡುತ್ತಾಳೆ ಎಂದುಕೊಂಡೆ. ಮಾಡಲಿಲ್ಲ.

ಅಕ್ಟೋಬರ್ 3, ಶನಿವಾರ

ಗೋರ್ಡಿಯ ಮನೆಗೆ ನಾನೇ ಹೋಗಿ ಆ ಇನ್ನೊಂದು ಫಲಕ ತಂದು ನೆಟ್ಟೆ. ಬರೀ ತಗಡು, ಓಟು ನನ್ನ ಕೈಯಲ್ಲೇ ಇದೆಯಲ್ಲ. ಬರ್ನೀಸ್ ಚರ್ಚಿಗೆ ಹೋಗುವುದು ಇದೇ ದಾರಿಯಲ್ಲಿ.

ಅಕ್ಕ ಇವತ್ತು ಅರ್ಧ ತಟ್ಟೆ ತಿಂದಳು. ಬರ್ನೀಸಳ ಕಾಗದದ ವಿಷಯ ಹೇಳುತ್ತ ತಿನ್ನಿಸಿದೆ, ಅದೂ ಒಂದು ಕಥೆಯೇ ತಾನೆ. ಆಲೂಗಡ್ಡೆ ಸರಿಯಾಗಿ ಬೆಂದಿರಲಿಲ್ಲವೇನೋ.

ಅಕ್ಟೋಬರ್ 8, ಗುರುವಾರ

ಕೋರ್ಟು ಕಟ್ಟಡದಲ್ಲಿ ಚುನಾವಣೆ ಕೆಲಸದವರಿಗೆಲ್ಲ ಎರಡು ಗಂಟೆಯ ತರಬೇತಿ. ಪ್ರತಿ ಸಲ ಅದೇ ಪಾಠ. ಬರ್ನೀಸ್ ತನ್ನ ಕಡೆಯ ಇಬ್ಬರು ಹೆಂಗಸರ ನಡುವೆ ಕೂತಿದ್ದಳು. ಮೂವರ ಕೋಟಿಗೂ ‘ಹೋಮ್ ಉಳಿಸಿ’ ಬಿಲ್ಲೆ. ಕೆಲಸಕ್ಕೆ ಬಂದವರು ಬಿಲ್ಲೆ ತೊಡಬಾರದು ಎಂದು ನಿಯಮವಿದೆ ಅಂದೆ. ನಿನ್ನ ಅಂಗಳದಲ್ಲಿ ನೆಟ್ಟಿರೋದಕ್ಕೆ ಯಾವ ನಿಯಮ ಎಂದು ಕೇಳಿದಳು, ಎಲ್ಲರೂ ನಕ್ಕರು. ಅವಳ ಜೊತೆ ನಗುವುದಕ್ಕೂ ಅವಳ ಕಡೆಯವರು ನನ್ನನ್ನು ನೋಡಿ ನಗುವುದಕ್ಕೂ ವ್ಯತ್ಯಾಸವಿದೆ. ಮೊದಲ ಗಂಟೆ ಮುಗಿಯುವ ಮುಂಚೆಯೇ ಎದ್ದು ಬಂದೆ. ಹದಿನೆಂಟು ವರ್ಷ ಮಾಡಿದ ಕೆಲಸವನ್ನು ನನಗೇನು ಕಲಿಸುತ್ತಾರೆ?

ಅಕ್ಟೋಬರ್ 12, ಸೋಮವಾರ

ಬರ್ನೀಸಳ ಅಂಗಳದ ‘ಹೋಮ್ ಉಳಿಸಿ’ ಫಲಕದ ಮೇಲೆ ಯಾರೋ ಗಾಡಿ ಹತ್ತಿಸಿದ್ದಾರೆ, ಹೂವಿನ ಪಾತಿಯೂ ಹೋಯಿತಂತೆ. ಕಾಫಿ ಅಂಗಡಿಯಲ್ಲಿ ಸುದ್ದಿ. ಅವನಿಗೆ ಕಣ್ಣು ಕಾಣಲ್ಲ, ಹೋಗಲಿ ಬಿಡಿ ಎಂದು ಅವಳು ಅಂದಳಂತೆ.

ನಾನಲ್ಲ. ಹೋಗಿ ಹೇಳಬಹುದಿತ್ತು. ಹೇಳಿದರೆ ನಂಬುವವಳು ಹಾಗೆ ಅನ್ನುತ್ತಲೇ ಇರಲಿಲ್ಲ.

ಗೋರ್ಡಿ ಮಾತ್ರ ಬೆನ್ನು ತಟ್ಟಿ, “ಚೆನ್ನಾಗಿ ಓಡಿಸಿದ್ಯೋ ಮುದುಕ” ಎಂದ. ಅವನಿಗೂ ಅಲ್ಲ ಎಂದು ಹೇಳಲಿಲ್ಲ. ಯಾಕೋ ಆ ಹೊತ್ತಿಗೆ ಹಿತವಾಯಿತು.

ಅಕ್ಟೋಬರ್ 20, ಮಂಗಳವಾರ

ಹೋಮಿನಲ್ಲಿ ಓಟು ಹಾಕಿಸಿದೆವು.

ಊಟದ ಹಾಲ್‌ನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು. ಪೈ ಇರಲಿಲ್ಲ. ಅವಳ ಮೇಜಿನ ಲಕೋಟೆ ಕಟ್ಟನ್ನು ಒಬ್ಬ ನರ್ಸಮ್ಮ ನನಗೆ ತಂದುಕೊಡುವುದು, ನನ್ನ ಕಟ್ಟನ್ನು ಅವಳಿಗೆ ಒಯ್ಯುವುದು. ಪಾಪ ಆಕೆಗೆ ಬೆಳಗಿನಿಂದ ಮೂರು ಮೈಲಿ ನಡಿಗೆಯಾಗಿರಬೇಕು. ಒಡಹುಟ್ಟಿದವರಿಗೆ ನಾವು ಓಟು ಹಾಕಿಸುವಂತಿಲ್ಲ, ಹಾಗಾಗಿ ಅಕ್ಕ ಅವಳ ಮೇಜಿಗೆ ಹೋದಳು. ಅಕ್ಕ ಏನೋ ಹೇಳಿದ್ದಕ್ಕೆ ಅವಳು ನಕ್ಕದ್ದು ನನ್ನವರೆಗೂ ಕೇಳಿಸಿತು.

ಹನ್ನೆರಡಕ್ಕೆ ತಿನ್ನಿಸಲು ಎದ್ದೆ. ಅವಳ ಮೇಜನ್ನು ದಾಟಿಯೇ ಹೋಗಬೇಕು. ತಲೆ ಎತ್ತದೆ, “ಹೋಗು, ತಿನ್ಸು. ಇನ್ನೆರಡು ತಿಂಗಳು ತಾನೆ” ಎಂದಳು.

ಅಕ್ಕ ಐದು ತುತ್ತು ತಿಂದಳು. ಕಥೆ ನೆನಪಿಗೆ ಬರಲಿಲ್ಲ.

ವಾಪಸು ಬಂದಾಗ ನರ್ಸಮ್ಮ ಎರಡೂ ಮೇಜಿನ ಲಕೋಟೆಗಳನ್ನು ಒಟ್ಟು ಮಾಡಿ ಚೀಲಕ್ಕೆ ಹಾಕಿಯಾಗಿತ್ತು. ಅವಳ ಮೇಜಿನಿಂದ ಬಂದ ಮೂರು ಕಟ್ಟಿಗೆ ನಾನು ರುಜು ಹಾಕಿದ್ದೆ. ಅವಳು ಕಟ್ಟಿದ್ದು ನಾಲ್ಕು. ಕೊನೆಯ ದಪ್ಪ ಕಟ್ಟಿಗೆ ನನ್ನ ರುಜು ಬಿದ್ದಿಲ್ಲ ಎಂದು ಗೊತ್ತಾಯಿತು. ಬೇಕಿದ್ದರೆ ಅವಳೇ ಕೇಳಲಿ ಎಂದು ಸುಮ್ಮನಿದ್ದೆ. ಅವಳು ಕೇಳಲಿಲ್ಲ. ಚೀಲಕ್ಕೆ ಸೀಲು ಹಾಕುವಾಗ ಇಬ್ಬರೂ ಇರಬೇಕು, ಮುಖ ತಿರುಗಿಸಿಕೊಂಡೇ ಇದ್ದೆವು.

ಪರವಾಗಿಲ್ಲ. ಎರಡು ವರ್ಷದ ಕೆಳಗೂ ಒಂದು ಲಕೋಟೆ ತಪ್ಪಿತ್ತು. ಕ್ಲರ್ಕು ಫೋನ್ ಮಾಡಿ ಕರೆಸಿ ಹಾಕಿಸಿದ್ದರು. ಈ ಸಲ ಕರೆಸಲಿ, ಎಲ್ಲರೆದುರಿಗೆ ಅವಳು ನನ್ನ ರುಜು ಕೇಳಲಿ.

ಅಕ್ಟೋಬರ್ 30, ಶುಕ್ರವಾರ

ಕ್ಲರ್ಕಿನಿಂದ ಫೋನ್ ಬರಲಿಲ್ಲ. ನಾನೇ ಮಾಡಿದೆ. ಯಾವುದಾದರೂ ಲಕೋಟೆಗೆ ರುಜು ತಪ್ಪಿದ್ದರೆ ಯಾವಾಗ ಬರಲಿ ಎಂದು ಕೇಳಿದೆ. ಎರಡು ಪಕ್ಷದವರೂ ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಿ ಬಂದ ಮೇಲೆ ಈ ವರ್ಷ ನಿಯಮ ಬದಲಾಗಿದೆಯಂತೆ. ಸೀಲು ಬಿದ್ದ ಚೀಲವನ್ನು ಚುನಾವಣೆಯ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವಂತಿಲ್ಲ, ಆಮೇಲೆ ತಿದ್ದುವಂತಿಲ್ಲ. ಒಮ್ಮೆ ಮತಪತ್ರ ಪಡೆದವರಿಗೆ ಎರಡನೆಯದು ಇಲ್ಲ.

“ತರಬೇತಿಯ ಎರಡನೇ ಗಂಟೆ ಪೂರ್ತಿ ಇದನ್ನೇ ಹೇಳಿದ್ದು ಎಮೆಟ್,” ಎಂದರು. “ಯಾಕೆ, ಏನಾದ್ರೂ ಆಗಿದ್ಯಾ?”

ಇಲ್ಲ, ಸುಮ್ಮನೆ ಕೇಳಿದೆ ಎಂದೆ.

ಸಂಜೆ ಗೋರ್ಡಿ ಸಿಕ್ಕಿದ್ದ. ಹೆಸರು ಹೇಳದೆ, ಹೀಗೊಂದು ಆದರೆ ಹೇಗೆ ಎಂದು ಕೇಳಿದೆ. ಹೋಮಿನವರ ಓಟೆಲ್ಲ ‘ಹೌದು’ ತಾನೆ, ಹೋದರೆ ನಮಗೇ ಒಳ್ಳೆಯದು ಎಂದ.

ಅಕ್ಕನ ಲಕೋಟೆ ಯಾವ ಕಟ್ಟಿನಲ್ಲಿತ್ತೋ ಗೊತ್ತಿಲ್ಲ.

ನವೆಂಬರ್ 3, ಮಂಗಳವಾರ

ಬೆಳಿಗ್ಗೆ ಏಳಕ್ಕೆ ನನ್ನ ಓಟು ಹಾಕಿದೆ. ‘ಹೌದು’ಗೆ ಹಾಕಿದೆ. ಇಲ್ಲಿ ಬರೆದಿಡುತ್ತಿದ್ದೇನೆ, ಬೇರೆ ಯಾರಿಗೂ ಹೇಳುವುದಿಲ್ಲ.

ಹತ್ತಕ್ಕೆ ಕೋರ್ಟು ಕಟ್ಟಡದಲ್ಲಿ ಚೀಲ ಒಡೆದರು. ಹೋಮಿಗೆ ಹೋದವರೂ ಹಾಜರಿರಬೇಕು. ಕ್ಲರ್ಕಮ್ಮ ಒಂದೊಂದೇ ಲಕೋಟೆ ತಿರುಗಿಸಿ ನೋಡಿ ಎಡಕ್ಕೆ ಇಡುತ್ತಿದ್ದರು. ನಡುವೆ ಒಂದನ್ನು ಬಲಕ್ಕೆ ಇಟ್ಟರು. ಆಮೇಲೆ ಇನ್ನೊಂದು. ಬಲಗಡೆ ಹದಿನಾಲ್ಕಾಯಿತು. ಮೂರನೆಯದರ ಮೇಲೆ ಅಕ್ಕನ ಹೆಸರು.

ಬರ್ನೀಸ್ ನನ್ನ ಕಡೆ ತಿರುಗಿದಳು. “ನಿನ್ನ ಮೇಜಿನ ಮೇಲೇ ಇಟ್ಟು ಹೋಗಿದ್ನಲ್ಲ,” ಎಂದಳು. ತರಬೇತಿಯ ದಿನದಿಂದೀಚೆಗೆ ನನ್ನ ಮುಖ ನೋಡಿ ಆಡಿದ ಮೊದಲ ಮಾತು.

“ತಿನ್ನಿಸ್ತಾ ಇದ್ದೆ.”

“ಬಂದ ಮೇಲೆ ಕೇಳಬಹುದಿತ್ತು.”

“ನೀನೂ ಕೇಳಬಹುದಿತ್ತು.”

ನನಗೆ ಆವತ್ತೇ ಗೊತ್ತಿತ್ತು ಎಂದು ಹೇಳಲಿಲ್ಲ.

ಕ್ಲರ್ಕಮ್ಮ ಒಂದು ಕಾಗದ ಮುಂದಿಟ್ಟರು. ಮತ ತಿರಸ್ಕರಿಸುವುದಕ್ಕೂ ಎರಡು ಪಕ್ಷದ ರುಜು ಬೇಕು. ಹದಿನಾಲ್ಕು ಹೆಸರು, ಹದಿನಾಲ್ಕು ಸಲ. ಅವಳು ಹಾಕಿ ಇತ್ತ ತಳ್ಳಿದಳು, ನಾನು ಹಾಕಿ ಅತ್ತ ಇಟ್ಟೆ. ಒಂದೂ ತಪ್ಪಲಿಲ್ಲ.

ನವೆಂಬರ್ 4, ಬುಧವಾರ

‘ಇಲ್ಲ’ ಒಂಬತ್ತು ಓಟಿನಿಂದ ಗೆದ್ದಿದೆ.

ಕಾಂಗ್ರೆಸ್ಸಿಗೆ ನಮ್ಮವನೇ ಗೆದ್ದ. ಗೋರ್ಡಿ ಕೈ ಕುಲುಕಿದ. ಕಾಫಿ ಅಂಗಡಿಯಲ್ಲಿ ನಮ್ಮ ಕಡೆಯವರೆಲ್ಲ ಇದ್ದರು, ನನ್ನ ಕಾಫಿಗೆ ಯಾರೋ ದುಡ್ಡು ಕೊಟ್ಟರು. ಕುಡಿದೆ.

ಹೋಮಿಗೆ ಹೋಗಲಿಲ್ಲ. ಕಣ್ಣು ನೋಯುತ್ತಿತ್ತು.

ನವೆಂಬರ್ 11, ಬುಧವಾರ

ಹೋಮಿನಿಂದ ಕಾಗದ. ಹತ್ತೊಂಬತ್ತಕ್ಕೆ ಮೊದಲ ವ್ಯಾನು, ಅದರಲ್ಲಿ ಅಕ್ಕ.

ಕೋರ್ಟಿಗೆ ಹೋಗಿ ಹೋಗಿ ನಿಯಮ ಕೆಡಿಸಿದವರು ಅವರು, ಬರ್ನೀಸಳ ಕಡೆಯವರು. ಪತ್ರಿಕೆಗೆ ಕಾಗದ ಬರೆದವರು ಅವರು. ಕಟ್ಟನ್ನು ಕೈಗೆ ಕೊಡದೆ ಮೇಜಿನ ಮೇಲೆ ಬಿಸಾಕಿ ಹೋದವರು ಅವರು. ಇದನ್ನೆಲ್ಲ ಅಕ್ಕನಿಗೆ ತಿನ್ನಿಸುತ್ತ ಹೇಳುತ್ತಿದ್ದೆ. ಬಾಯಿ ತೆರೆಯಲೇ ಇಲ್ಲ. ಈಗೀಗ ಹಟ ಹೆಚ್ಚಾಗಿದೆ.

ನವೆಂಬರ್ 19, ಗುರುವಾರ

ಬೆಳಿಗ್ಗೆ ಎಂಟಕ್ಕೆ ಹೋದೆ. ಅಕ್ಕನಿಗೆ ಕೋಟು ತೊಡಿಸಿ, ಟೋಪಿ ಹಾಕಿ, ಗಾಲಿಕುರ್ಚಿಯಲ್ಲಿ ಕೂರಿಸಿದ್ದರು. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಅವಳ ಎಂಬತ್ತನಾಲ್ಕು ವರ್ಷ.

ಬರ್ನೀಸ್ ಆ ಕಡೆ ನಿಂತಿದ್ದಳು. ಯಾರು ಕರೆದರೋ. ಹೋಗು ಎನ್ನಲು ಅದು ನನ್ನ ಮನೆಯಲ್ಲವಲ್ಲ.

ಅಕ್ಕ ನನ್ನ ಅಂಗಿಯ ತೋಳು ಹಿಡಿದಳು. ಬಹಳ ದಿನದಿಂದ ಕಟ್ಟಿಟ್ಟುಕೊಂಡ ಮಾತಿನಂತೆ ಒಂದೊಂದಾಗಿ ಹೇಳಿದಳು.

“ನನ್ನ ಓಟು. ಎಣಿಸಿದ್ರೇನೋ?”

ನಾನು ವ್ಯಾನಿನ ಕಡೆ ನೋಡಿದೆ. “ಎಣಿಸಿದ್ರು ಅಕ್ಕ” ಎಂದೆ.

ಅಕ್ಕ ನನ್ನನ್ನು ನಂಬುವವಳಲ್ಲ. ಚಿಕ್ಕಂದಿನಿಂದ ನಂಬಿದವಳಲ್ಲ. ಕತ್ತು ತಿರುಗಿಸಿ ಬರ್ನೀಸಳನ್ನು ನೋಡಿದಳು.

ಬರ್ನೀಸ್ ಬಗ್ಗಿ ಅವಳ ಕೋಟಿನ ಗುಂಡಿ ಹಾಕಿದಳು. ಹಾಕಿದ್ದ ಗುಂಡಿಯನ್ನೇ ಬಿಚ್ಚಿ ಮತ್ತೆ ಹಾಕಿದಳು. “ಎಣಿಸಿದ್ರು ಸಿಗ್ನೆ. ನಾವಿಬ್ಬರೂ ಎದುರಿಗೇ ಕೂತು ನೋಡಿದ್ವಿ.”

ಅಕ್ಕ ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿದಳು. “ಹಾಗಾದ್ರೆ ಸರಿ. ನ್ಯಾಯವಾಗಿ ಸೋತ್ವಿ,” ಎಂದು ಕಣ್ಣು ಮುಚ್ಚಿಕೊಂಡಳು.

ವ್ಯಾನು ಹೋದ ಮೇಲೆ ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ಮುಂದಿನ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಹನ್ನೆರಡರೊಳಗೆ ಅಲ್ಲಿರುತ್ತೇನೆ, ಕಾರಿನಲ್ಲಿ ಇನ್ನೊಂದು ಸೀಟಿದೆ ಎಂದಳು.

ನೋಡೋಣ ಎಂದೆ.

ನವೆಂಬರ್ 24, ಮಂಗಳವಾರ

ಅಲ್ಲಿಗೆ ಫೋನ್ ಮಾಡಿದ್ದೆ. ದಿನಕ್ಕೆ ಮೂರು ತುತ್ತು ಎಂದರು. ಹೊಸ ಜಾಗ, ಹೊಂದಿಕೊಳ್ಳುತ್ತಾರೆ ಎಂದರು. ಕಥೆ ಹೇಳಿದರೆ ತಿನ್ನುತ್ತಾಳೆ ಎಂದೆ. ಯಾವ ಕಥೆ ಎಂದು ಆ ಹೆಂಗಸು ಕೇಳಿದಳು. ಹುಂಜದ್ದು ಹೇಳಲು ಶುರು ಮಾಡಿದೆ. ಆಕೆಗೆ ಬೇರೆ ಫೋನ್ ಬಂತು.

ನವೆಂಬರ್ 26, ಗುರುವಾರ

ಎಂಟೂವರೆಗೇ ಕೋಟು ತೊಟ್ಟು ಅಡುಗೆಮನೆಯಲ್ಲಿ ಕೂತಿದ್ದೆ. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಬರ್ನೀಸಳ ಕಾರು ಬಂದು ರಸ್ತೆಯ ಆಚೆ ನಿಂತಿತು. ಎಂಜಿನ್ ಆರಿಸಲಿಲ್ಲ. ಪರದೆಯ ಸಂದಿಯಿಂದ ಹೊಗೆ ಕಾಣುತ್ತಿತ್ತು. ಇಳಿದು ಬಂದು ಬಾಗಿಲು ತಟ್ಟುತ್ತಾಳೆ ಎಂದುಕೊಂಡೆ, ಇಲ್ಲವೇ ಕರೆಯುತ್ತಾಳೆ.

ಹತ್ತು ನಿಮಿಷ ನಿಂತಿತ್ತು. ಹದಿನೈದಿರಬಹುದು. ಆಮೇಲೆ ಹೊರಟುಹೋಯಿತು.

ಒಂದೇ ಒಂದು ಸಲ ಹಾರ್ನ್ ಹೊಡೆದಿದ್ದರೆ ಹೋಗುತ್ತಿದ್ದೆ. ಹೊಡೆಯಲಿಲ್ಲ. ಅವರ ಕಡೆಯವರ ಸ್ವಭಾವವೇ ಅಷ್ಟು.